ಸಣ್ಣ ಕೌದಿಗೆ ಹೇಳಿದ ರೇಟು

ಕಳೆದ ತಿಂಗಳು ಕುಮಟೆಯಿಂದ ಹೊನ್ನಾವರಕ್ಕೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬಳು ಬಾಣಂತಿ ಕೂತಿದ್ದಳು. ಹೊರಗೆ ಜಡಿಮಳೆ. ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಒಳಗೆ ಉಸಿರು ಕಟ್ಟುವ ಹಾಗಿತ್ತು. ಅವಳ ಮಡಿಲಿನ ಮಗುವಿಗೆ ಹೊದೆಸಿದ ಹಳೆಯ ಕೌದಿಯಿಂದ ಬಚ್ಚಲೊಲೆಯ ಮೇಲೆ ಒಣಗಿಸಿದ ಹತ್ತಿ ಬಟ್ಟೆಯ ವಾಸನೆ ಬರುತ್ತಿತ್ತು. ಒಂದಿಷ್ಟು ಹೊಗೆ, ಒಂದಿಷ್ಟು ಮುಗ್ಗು. ಮಳೆಗಾಲದಲ್ಲಿ ನಮ್ಮ ಕಡೆ ಯಾರ ಮನೆಗೆ ಹೋದರೂ ಇರುವ ವಾಸನೆಯೇ. ಆದರೂ ನನ್ನ ಕೈ ತಾನಾಗಿ ಮುಂದೆ ಹೋಗಿ ಕೌದಿಯ ಅಂಚು ಹಿಡಿದು ಹೊಲಿಗೆ ಸವರಿ ನೋಡಿತು. ಆ ಹುಡುಗಿ ನನ್ನ ಮುಖ ನೋಡಿದಳು. ಎಷ್ಟು ಕೊಟ್ರಿ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

"ಅಜ್ಜಿ ಹೊಲ್ದದ್ದು," ಅಂದಳು ಅವಳೇ.

ಒಂದು ಇಡೀ ಮಳೆಗಾಲ ನಾನು ಆ ವಾಸನೆಯಲ್ಲೇ ಇದ್ದೆ. ಕೌದಿಗೆ ಎಷ್ಟು ಹೇಳಬೇಕು ಎಂಬ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಓಡಾಡಿದ ಮಳೆಗಾಲ ಅದು. ಉತ್ತರ ಆಗಲೂ ಸಿಗಲಿಲ್ಲ, ಈಗಲೂ ಪೂರ್ತಿ ಸಿಕ್ಕಿಲ್ಲ.

ಹೊನ್ನಾವರದ ಬಜಾರಿನಲ್ಲಿ ಒಂದು ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ನಾನು ಬಹಳ ವರ್ಷ ನಿಂತವಳು. ಮಾಲೀಕರು ಅಂಗಡಿಯನ್ನು ಮೊಬೈಲ್ ಶೋರೂಮಿನವರಿಗೆ ಬಾಡಿಗೆಗೆ ಕೊಟ್ಟಾಗ ನನ್ನ ಕೆಲಸ ಹೋಯಿತು. ಕರ್ಕಿಯ ಹೊನ್ನಕ್ಕ ಆ ಅಂಗಡಿಗೆ ಚೂರು ಬಟ್ಟೆ ಕೊಳ್ಳಲು ಬರುತ್ತಿದ್ದವಳು. ಗದ್ದೆ ಕೆಲಸದ ಹೆಂಗಸು, ಅರವತ್ತು ದಾಟಿದ್ದಿರಬೇಕು. ಬಿಡುವಿದ್ದಾಗ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಚೂರುಗಳನ್ನು ಮೇಲೆ ಕೂಡಿಸಿ, ಸಾಲುಸಾಲಾಗಿ ಕೈಹೊಲಿಗೆ ಹಾಕಿ ಕೌದಿ ಮಾಡುತ್ತಿದ್ದಳು. ಕೆಲಸ ಬಿಟ್ಟ ಮೇಲೆ ಒಂದು ದಿನ ಅವಳ ಮನೆಗೆ ಹೋದಾಗ ಜಗಲಿಯಲ್ಲಿ ಹರಡಿದ್ದ ಕೌದಿಯ ಫೋಟೊ ತೆಗೆದು ನನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಅಷ್ಟೇ ಮಾಡಿದ್ದು. ಸಂಜೆಯೊಳಗೆ ಅಂಗಡಿಯ ಹಳೆಯ ಗಿರಾಕಿಗಳು ನಾಲ್ಕೈದು ಮಂದಿ, ತಮ್ಮನೆಯ ಹಳೆ ಸೀರೆಯಲ್ಲಿ ಇಂಥದ್ದೊಂದು ಮಾಡಿಸಿಕೊಡಬಹುದಾ, ಎಷ್ಟಾಗ್ತದೆ ಎಂದು ಕೇಳಿದರು.

ಬಟ್ಟೆಗೆ ರೇಟು ಹೇಳುವುದು ನನಗೆ ಗೊತ್ತಿತ್ತು. ಮೀಟರಿಗೆ ಇಷ್ಟು, ಹಬ್ಬ ಬಂದರೆ ಇಷ್ಟು ಕಡಿಮೆ, ಮುಗಿಯಿತು. ಕೌದಿಗೆ ಏನೆಂದು ಹೇಳುವುದು? ಬಟ್ಟೆ ಗಿರಾಕಿಯದ್ದೇ. ಹಳೆಯದಾದ್ದರಿಂದ ಅಂಗಡಿಯ ಲೆಕ್ಕದಲ್ಲಿ ಅದಕ್ಕೆ ಬೆಲೆಯಿಲ್ಲ, ಆದರೆ ಅವರು ಅದನ್ನು ಕೈಗೆ ಕೊಡುವಾಗ ತೋರುವ ಎಚ್ಚರಿಕೆಯನ್ನು ಹೊಸ ರೇಷ್ಮೆ ಸೀರೆಗೂ ಯಾರೂ ತೋರಿದ್ದು ನಾನು ಕಂಡಿಲ್ಲ. ದಾರದ ಖರ್ಚು ಹೇಳಿಕೊಳ್ಳುವಷ್ಟಿಲ್ಲ. ಉಳಿದದ್ದೆಲ್ಲ ಹೊನ್ನಕ್ಕನ ಕೈಕೆಲಸ. ನಟ್ಟಿಯ ದಿನಗಳಲ್ಲಿ ಅವಳು ಗದ್ದೆಯಿಂದ ಬಂದು ಮೈ ಒರೆಸಿಕೊಂಡು ಕೂರುತ್ತಿದ್ದಳು. ಹಾಡು ಶುರುವಾದರೆ ಸೂಜಿ ಓಡುತ್ತಿತ್ತು. ಮುಂದಿನ ಸಾಲು ನೆನಪಾಗದೆ ಹಾಡು ನಿಂತರೆ ಸೂಜಿಯೂ ನಿಲ್ಲುತ್ತಿತ್ತು.

"ಒಂದು ಕೌದಿಗೆ ಎಷ್ಟು ದಿನ ಬೇಕು ಹೊನ್ನಕ್ಕ?"

"ಮುಗಿಯೂವರೆಗೆ."

"ಗಿರಾಕಿಗೆ ಹಾಗೆ ಹೇಳೂಕೆ ಆಗ್ತದಾ?"

"ಎಂತ ಹೇಳ್ಬೇಕೋ ನೀನೇ ಹೇಳು ತಂಗಿ. ನಿಂಗೆ ಮಾತು ಬತ್ತದೆ."

ನಾನು ಬಾಯಿಗೆ ಬಂದದ್ದು ಹೇಳಿದೆ. ಕುಮಟೆಯ ನಿವೃತ್ತ ಟೀಚರೊಬ್ಬರು ನಾನು ಹೇಳಿದ ರೇಟು ಕೇಳಿ, "ಇಷ್ಟು ಕಡಿಮೆ ಹೇಳ್ತೀಯಲ್ಲ, ಆ ಹೆಂಗಸಿಗೆ ಎಂತ ಕೊಡ್ತೀ?" ಎಂದು ನನ್ನನ್ನೇ ಗದರಿಸಿದರು. ಅದೇ ವಾರ ಓಂ ಬೀಚಿನಲ್ಲಿ ಗೆಸ್ಟ್ ಹೌಸ್ ನಡೆಸುವ ವಿನಾಯಕ ಅಷ್ಟೇ ದೊಡ್ಡ ಕೌದಿಗೆ ಅದೇ ರೇಟು ಕೇಳಿ, "ಅಕ್ಕಾ, ಹಳೇ ಬಟ್ಟೆಗೆ ಇಷ್ಟೆಲ್ಲ ಉಂಟಾ?" ಎಂದು ನಕ್ಕ. ಇಬ್ಬರಲ್ಲಿ ಯಾರದು ಸರಿ ಎಂದು ತಿಳಿಯದೆ ಟೀಚರಿಗೆ ಏರಿಸಲಿಲ್ಲ, ವಿನಾಯಕನಿಗೆ ಇಳಿಸಿದೆ. ಸೀಸನ್ನಿಗೆ ಮೊದಲು ತನ್ನ ರೂಮುಗಳಿಗೆಲ್ಲ ಕೌದಿ ಬೇಕೆಂದು ಅವನು ಬೇರೆ ಆರ್ಡರ್ ಕೊಟ್ಟಿದ್ದ. ಹೊನ್ನಕ್ಕ ಒಬ್ಬಳಿಂದ ಆಗುವುದಲ್ಲವೆಂದು ಅವಳ ಕೇರಿಯ ಇನ್ನೂ ಮೂವರು ಹೆಂಗಸರು ಸೇರಿಕೊಂಡರು. ಈಗ ನನ್ನ ಗೊಂದಲಕ್ಕೆ ನಾಲ್ಕು ಮನೆಗಳ ದುಡಿಮೆ ಕಾಯಬೇಕಾಯಿತು.

ಫರೀದಕ್ಕ ಬಂದದ್ದು ಆಗಲೇ, ಮಳೆ ಹಿಡಿಯುವ ಹೊತ್ತಿಗೆ. ಭಟ್ಕಳದವರು, ನಮ್ಮ ಅಂಗಡಿಗೆ ಮಗಳ ಮದುವೆಯ ಬಟ್ಟೆಗೂ ಬಂದವರು. ಆ ಮಗಳು ಸನಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಅವಳ ಗಂಡ ದುಬೈಯಲ್ಲಿದ್ದ. ಫರೀದಕ್ಕ ಚೀಲದಿಂದ ಒಂದೊಂದಾಗಿ ತೆಗೆದು ನನ್ನ ಮುಂದಿಟ್ಟರು: ತೀರಿಕೊಂಡ ತಮ್ಮ ತಾಯಿಯ ಮೆತ್ತಗಿನ ದುಪಟ್ಟಾಗಳು, ತಮ್ಮದೊಂದು ಹಸಿರು ಹತ್ತಿ ಸೀರೆ, ಗಂಡ ಮಸ್ಕತ್‌ನಲ್ಲಿದ್ದಾಗ ಉಡುತ್ತಿದ್ದ ಬಿಳಿ ಲುಂಗಿ, ಸನಾ ಶಾಲೆಗೆ ಹೋಗುವಾಗ ತೊಡುತ್ತಿದ್ದ ಹೂವಿನ ಫ್ರಾಕು.

"ಮಗುವಿಗೆ ಸಣ್ಣ ಗೊದಡಿ ಬೇಕು ಸವಿತಾ. ಚುಚ್ಚಬಾರದು, ಅಷ್ಟೇ. ರೇಟ್ ನೀವು ಹೇಳಿ."

ಎಂಟುನೂರು ಎಂದೆ. ಯಾಕೆ ಎಂಟುನೂರು ಎಂದು ನನ್ನನ್ನು ಕೇಳಿದ್ದರೆ ಉತ್ತರವಿರಲಿಲ್ಲ. ಸಣ್ಣದಲ್ಲವೇ, ಕಡಿಮೆ ಆಗಬೇಕು ಅಂದುಕೊಂಡಿದ್ದೆ.

ಅದು ಕಡಿಮೆಯ ಕೆಲಸ ಅಲ್ಲವೆಂದು ಹೊನ್ನಕ್ಕ ಹೊಲಿಯಲು ಕೂತ ಮೇಲೆ ಗೊತ್ತಾಯಿತು. ದೊಡ್ಡ ಕೌದಿಗೆ ಹಾಕುವ ಹೊಲಿಗೆಯ ಅರ್ಧದಷ್ಟು ಸಣ್ಣ ಹೊಲಿಗೆ ಅದಕ್ಕೆ. ಒಂದು ಸಾಲು ಮುಗಿದ ಕೂಡಲೇ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಗಂಟು ತಾಗಿದರೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಗೆಸ್ಟ್ ಹೌಸಿನ ಕೌದಿ ಮೂಲೆಯಲ್ಲಿ ಮಡಚಿ ಬಿದ್ದಿತ್ತು. ವಿನಾಯಕ ದಿನಾ ಫೋನ್ ಮಾಡುತ್ತಿದ್ದ. ಉಳಿದ ಮೂವರು ಹೆಂಗಸರು ತಮ್ಮ ಪಾಲಿನದ್ದು ಮುಗಿಸಿ, ಹೊನ್ನಕ್ಕನದ್ದು ಸೇರದೆ ಆರ್ಡರ್ ಹೋಗುವುದಿಲ್ಲವೆಂದು ಕಾಯುತ್ತಿದ್ದರು. ಒಂದು ಮಧ್ಯಾಹ್ನ ಧೈರ್ಯ ಮಾಡಿ ಫರೀದಕ್ಕನಿಗೆ ಮೆಸೇಜು ಕಳಿಸಿದೆ. ಕೆಲಸ ನಾನು ತಿಳಿದದ್ದಕ್ಕಿಂತ ನಾಜೂಕಿನದ್ದು, ಸಾವಿರದ ಇನ್ನೂರು ಆಗಬಹುದು, ಬೇಸರ ಮಾಡಿಕೊಳ್ಳಬೇಡಿ ಎಂದು.

ಮರುದಿನ ಬೆಳಿಗ್ಗೆ ಅವರ ಫೋನ್ ಬಂತು. ಆ ಹೊತ್ತಿಗೆ ಹೆಂಚಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ನಾನು ಒಂದು ಕಿವಿ ಮುಚ್ಚಿಕೊಂಡು ಕೇಳಬೇಕಾಯಿತು. "ಸವಿತಾ, ಅದು ಈಗ ಬೇಡ... ನಿಲ್ಸಿ..." ಅಷ್ಟು ಕೇಳಿಸಿತು. ನಡುವೆ ತಮ್ಮ ಮನೆಮಾತು ನವಾಯತಿಯಲ್ಲಿ ಯಾರಿಗೋ ಏನೋ ಹೇಳಿದರು. ನಮ್ಮ ಮನೆಮಾತು ಕೊಂಕಣಿಯಾದ್ದರಿಂದ ನವಾಯತಿ ನನಗೆ ಅರ್ಧಂಬರ್ಧ ತಿಳಿಯುತ್ತದೆ, ಆದರೆ ಆ ಮಳೆಯಲ್ಲಿ ಆ ಅರ್ಧವೂ ಸಿಗಲಿಲ್ಲ. ಲೈನ್ ಕಡಿಯಿತು. ನಾನು ಮಾಡಿದರೆ ಸ್ವಿಚ್ ಆಫ್.

ರೇಟು ಏರಿಸಿದ್ದಕ್ಕೇ ಹೀಗಾಯಿತು ಎನ್ನುವುದರಲ್ಲಿ ನನಗೆ ಅನುಮಾನವೇ ಬರಲಿಲ್ಲ. ಬೇರೇನು ಕಾರಣವಿರಲು ಸಾಧ್ಯ? ಸಾವಿರ ಸಾಕು ಎಂದು ಮೆಸೇಜು ಹಾಕಿದೆ. ಉತ್ತರವಿಲ್ಲ. ಮೊದಲು ಹೇಳಿದ ಎಂಟುನೂರೇ ಇರಲಿ, ತಪ್ಪು ತಿಳಿಯಬೇಡಿ ಎಂದು ಇನ್ನೊಂದು. ನೀಲಿ ಗೆರೆ ಬಂತು, ಮಾತು ಬರಲಿಲ್ಲ. ಇಷ್ಟು ವರ್ಷದ ಪರಿಚಯವನ್ನು ನಾಲ್ಕುನೂರು ರೂಪಾಯಿಗೆ ಕಳೆದುಕೊಂಡೆನಲ್ಲ ಎಂದು ಒದ್ದಾಡಿದೆ. ಅಷ್ಟು ದೊಡ್ಡ ಮನೆಯವರಿಗೆ ನಾಲ್ಕುನೂರಕ್ಕೆ ಇಷ್ಟು ಸಿಟ್ಟೇ ಎಂದು ಒಂದು ಗಳಿಗೆ ನನಗೂ ಸಿಟ್ಟು ಬಂತು. ಕೊನೆಗೆ ಮುಕ್ಕಾಲು ಪಾಲು ಮುಗಿದಿದ್ದ ಕೌದಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಭಟ್ಕಳದ ಬಸ್ಸು ಹತ್ತಿದೆ. ಹೊಲಿಗೆಯನ್ನು ಕಣ್ಣಾರೆ ಕಂಡರೆ ಅವರಿಗೇ ತಿಳಿದೀತು ಎಂಬ ನಂಬಿಕೆ. ಬಸ್ಸು ಕಾಯ್ಕಿಣಿ ದಾಟುವವರೆಗೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಕಿಟಕಿಯಾಚೆ ನಟ್ಟಿಯಾದ ಗದ್ದೆಗಳಲ್ಲಿ ನೀರು ತುಂಬಿ, ಸಸಿಗಳ ತುದಿ ಮಾತ್ರ ಕಾಣುತ್ತಿತ್ತು.

ಮನೆಯ ಬಾಗಿಲು ತೆರೆದೇ ಇತ್ತು. ಹೊಸ್ತಿಲ ಹೊರಗೆ ಬಹಳ ಚಪ್ಪಲಿಗಳಿದ್ದವು. ಏನೋ ಸಮಾರಂಭವಿರಬೇಕು, ಇಂಥ ದಿನ ಬಂದೆನಲ್ಲ ಎಂದು ಹಿಂಜರಿಯುತ್ತಿರುವಾಗಲೇ ಫರೀದಕ್ಕ ಹೊರಗೆ ಬಂದರು. ನನ್ನ ಎರಡೂ ಕೈ ಹಿಡಿದುಕೊಂಡರು.

"ಬಂದ್ರಲ್ಲ ಸವಿತಾ. ಇಷ್ಟು ಮಳೆಯಲ್ಲಿ ಬಂದ್ರಲ್ಲ. ನೀವು ಬರ್ತೀರಿ ಅಂತ ನಾನು ಅಂದ್ಕೊಳ್ಳಲಿಲ್ಲ."

ನಾನು ಬಾಯಿಪಾಠ ಮಾಡಿದ್ದನ್ನು ಶುರು ಮಾಡುವುದೋ ಬೇಡವೋ ಎಂದು ಅವರ ಮುಖ ನೋಡಿದೆ. ಕಣ್ಣು ಬಾತುಕೊಂಡಿತ್ತು. ಅವರೇ ಹೇಳಿದರು. "ಮಗು ಹೊಟ್ಟೆಯಲ್ಲೇ ಹೋಯ್ತು. ಎಂಟು ತಿಂಗಳು ತುಂಬಿತ್ತು. ಹೆಣ್ಣು."

ರೇಟಿನ ಮಾತಾಡಲು ಬಂದವಳನ್ನು ಅವರು ದುಃಖದಲ್ಲಿ ಮಾತಾಡಿಸಲು ಬಂದವಳೆಂದು ತಿಳಿದಿದ್ದರು. ಅಲ್ಲ ಎಂದು ಹೇಳುವುದು ಹೇಗೆ? ಹೌದು ಎಂದು ಒಪ್ಪಿಕೊಂಡು ಒಳಗೆ ಹೋಗಿ ಕೂರುವುದಾದರೂ ಹೇಗೆ? ಅವರು ಕೈ ಬಿಡಲಿಲ್ಲವಾದ್ದರಿಂದ ಒಳಗೆ ಹೋದೆ. ಹೆಂಗಸರು ಜರುಗಿ ಜಾಗ ಕೊಟ್ಟರು. ಚೀಲವನ್ನು ಕಾಲ ಕೆಳಗೆ ಒತ್ತಿಕೊಂಡು ಕೂತೆ. ಅರೆ ತೆರೆದ ಬಾಗಿಲಿನಾಚೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಸನಾಳ ಬೆನ್ನು ಕಾಣುತ್ತಿತ್ತು. ಯಾರೋ ಚಹಾ ಕೊಟ್ಟರು.

ಹೊರಡುವಾಗ ಫರೀದಕ್ಕ ಬಾಗಿಲ ತನಕ ಬಂದರು. "ಫೋನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ. ಆಮೇಲೆ ನಿಮ್ಮ ಮೆಸೇಜ್ ಬರ್ತಾ ಇತ್ತು. ತೆರೆದ್ರೂ ಏನಂತ ಓದೋ ಸ್ಥಿತಿಯಲ್ಲಿ ನಾನಿರಲಿಲ್ಲ."

"ಓದ್ಬೇಡಿ ಫರೀದಕ್ಕ," ಎಂದೆ. "ಅದನ್ನ ಅಳಿಸಿಬಿಡಿ."

ಆ ಮೇಲಿನ ದಿನಗಳ ಗೊಂದಲಕ್ಕೆ ಹೋಲಿಸಿದರೆ ಮೊದಲಿನದ್ದು ಏನೇನೂ ಅಲ್ಲ. ಕೌದಿಯನ್ನು ಏನು ಮಾಡುವುದು? ಕೊಟ್ಟರೆ ಗಾಯ ಕೆದಕಿದಂತೆ. ಇಟ್ಟುಕೊಳ್ಳೋಣವೆಂದರೆ ಬಟ್ಟೆ ಅವರದ್ದು. ಬಿಚ್ಚಿ ದುಪಟ್ಟಾ, ಲುಂಗಿ, ಫ್ರಾಕಿನ ಚೂರುಗಳನ್ನು ವಾಪಸು ಕೊಡುವುದು ಇನ್ನೂ ಕ್ರೂರ. ಕೌದಿಯನ್ನು ವಾಪಸು ಹೊನ್ನಕ್ಕನ ಕೈಗಿಟ್ಟು ವಿಷಯ ಹೇಳಿದಾಗ ಅವಳು ಸೂಜಿಯನ್ನು ಅದರ ಮೂಲೆಗೆ ಚುಚ್ಚಿ ಹಾಗೇ ಬಿಟ್ಟಳು. ಆ ದಿನ ಮತ್ತೆ ಹೊಲಿಯಲಿಲ್ಲ, ಹಾಡಲೂ ಇಲ್ಲ.

"ನಿಮ್ಮ ಕೆಲಸದ ದುಡ್ಡು ನಾನು ಕೊಡ್ತೇನೆ ಹೊನ್ನಕ್ಕ," ಎಂದೆ.

"ಮುಗೀದೇ ಇದ್ದದ್ದಕ್ಕೆ ಎಂತ ದುಡ್ಡು?"

"ಹಾಗಾದ್ರೆ ಮುಗಿಸಿಬಿಡ್ತೀರಾ?"

"ಯಾರಿಗೆ ಅಂತ ಮುಗಿಸೂದೇ ತಂಗಿ?"

ಕೌದಿ ಅವಳ ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸುವ ಬಳ್ಳಿಗೆ ಹೋಯಿತು, ಬೂಸ್ಟು ಹಿಡಿಯದಿರಲಿ ಎಂದು. ನಾನು ಕರ್ಕಿಗೆ ಹೋದಾಗಲೆಲ್ಲ ಅದರ ಕಡೆ ನೋಡಬಾರದೆಂದುಕೊಂಡೇ ನೋಡುತ್ತಿದ್ದೆ. ಗೆಸ್ಟ್ ಹೌಸಿನ ಕೌದಿಗಳು ಮುಗಿದು ವಿನಾಯಕ ಅವನ್ನು ಒಯ್ಯಲು ಬಂದ ದಿನ ಅವನ ಕಣ್ಣು ನೇರ ಅದರ ಮೇಲೇ ಬಿತ್ತು.

"ಇದು ಯಾರದ್ದು ಅಕ್ಕಾ? ನಂಗೆ ಕೊಡಿ. ರಿಸೆಪ್ಷನ್ನಿನ ಗೋಡೆಗೆ ಹಾಕಿದ್ರೆ ಫಸ್ಟ್ ಕ್ಲಾಸ್ ಕಾಣ್ತದೆ. ಮೂರು ಸಾವಿರ ಕೊಡ್ತೆ."

ಇಡೀ ಮಳೆಗಾಲ ನನ್ನಿಂದ ರೇಟು ಇಳಿಸಿದವನು ತಾನಾಗಿ ಮೂರು ಸಾವಿರ ಎನ್ನುತ್ತಿದ್ದ. ಎಂಟುನೂರೋ ಸಾವಿರದ ಇನ್ನೂರೋ ಎಂದು ನಾನು ಒದ್ದಾಡಿದ ಕೌದಿಯೇ ಅದು. ಹಾಗಾದರೆ ಅದರ ನಿಜವಾದ ಬೆಲೆ ಯಾವುದು? ಹೊನ್ನಕ್ಕನ ಮಾಡು ಸೋರುತ್ತಿದ್ದದ್ದು ನನಗೆ ಗೊತ್ತಿತ್ತು, ಆ ಹಣದಲ್ಲಿ ಒಂದು ಬದಿಯ ಹೆಂಚು ಹೊದಿಸಬಹುದಿತ್ತು. ನಾನು ಅವಳ ಮುಖ ನೋಡಿದೆ. ಅವಳು ಎದ್ದು ಹೋಗಿ ಕೌದಿಯನ್ನು ಬಳ್ಳಿಯಿಂದ ತೆಗೆದು ಮಡಚಿ ಒಳಗಿಟ್ಟು ಬಂದಳು. "ಅದು ಮಾರೂಕೆ ಇಟ್ಟದ್ದಲ್ಲ," ಅಂದಳು ವಿನಾಯಕನಿಗೆ. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ಹೌದನಾ ತಂಗಿ, ನಾ ಹೇಳಿದ್ದು ಸಮ ಆತಾ?" ಎಂದು ಕೇಳಿದಳು. ಅವಳಿಗೂ ಗೊತ್ತಿರಲಿಲ್ಲ.

ಮಳೆ ಸಣ್ಣದಾಗಿ, ಗದ್ದೆಯಲ್ಲಿ ತೆನೆ ಹಾಲು ತುಂಬುವ ಕಾಲಕ್ಕೆ ಫರೀದಕ್ಕ ಫೋನ್ ಮಾಡಿದರು. ಸನಾ ಆ ಕೌದಿ ನೋಡಬೇಕು ಅನ್ನುತ್ತಿದ್ದಾಳೆ, ಕರೆದುಕೊಂಡು ಬರಲೇ, ನನಗೆ ಹೆದರಿಕೆಯಾಗ್ತದೆ ಸವಿತಾ ಎಂದರು. ನನಗೂ ಹೆದರಿಕೆಯೇ. ಬನ್ನಿ ಎಂದೆ.

ತಾಯಿ ಮಗಳು ಕರ್ಕಿಗೆ ಬಂದ ದಿನ ಬಿಸಿಲು ಬಿದ್ದಿತ್ತು. ಸನಾ ಬಹಳ ಬಡವಾಗಿದ್ದಳು. ಫರೀದಕ್ಕ ಅವಳ ಮೊಣಕೈ ಹಿಡಿದೇ ಜಗಲಿ ಹತ್ತಿಸಿದರು, ತಾವೇ ಗೋಡೆಗೆ ಒರಗಿಸಿ ಕೂರಿಸಿದರು, ಅವಳ ಕೈಯ ನೀರಿನ ಬಾಟಲಿಯನ್ನೂ ತೆಗೆದುಕೊಂಡರು. ಹೊನ್ನಕ್ಕ ಕೌದಿ ತಂದು ಸನಾಳ ಮಡಿಲಲ್ಲಿಟ್ಟಳು. ಅವಳು ಅದನ್ನು ಬಿಡಿಸಿ ನೋಡಿದಳು. ತನ್ನ ಫ್ರಾಕಿನ ಹೂವುಗಳ ಮೇಲೆ ಬೆರಳಿಟ್ಟಳು. ಮೂಲೆಯಲ್ಲಿ ಹಾಗೇ ಚುಚ್ಚಿಟ್ಟಿದ್ದ ಸೂಜಿ ಕೈಗೆ ತಾಗಿತು.

"ಇಲ್ಲಿ ನಿಲ್ಲಿಸಿದ್ರಾ?"

"ಹೌದು ಮಗಾ," ಅಂದಳು ಹೊನ್ನಕ್ಕ.

ಸನಾ ಅತ್ತಳು. ಫರೀದಕ್ಕ ಏಳಹೋದರೆ ಹೊನ್ನಕ್ಕ ಕೈಸನ್ನೆಯಲ್ಲೇ ತಡೆದಳು. ಆಮೇಲೆ ಸನಾ ದುಪಟ್ಟಾದಲ್ಲಿ ಮುಖ ಒರೆಸಿಕೊಂಡು ಕೇಳಿದಳು: "ಇದನ್ನ ದೊಡ್ಡದು ಮಾಡೋಕೆ ಆಗ್ತದಾ? ನಂಗೆ ಹೊದೆಯೋಕೆ ಆಗುವಷ್ಟು?"

ಹೊನ್ನಕ್ಕ ಕೌದಿಯನ್ನು ಜಗಲಿಯ ಮೇಲೆ ಹಾಸಿ, ಅದರ ಸುತ್ತ ನೆಲದ ಮೇಲೆ ಕೈಯಿಂದ ಗೆರೆ ಎಳೆದು ತೋರಿಸಿದಳು. "ಇದು ನಡೂಕಿರಲಿ. ಸುತ್ತ ಬಟ್ಟೆ ಕೂಡ್ಸುವಾ. ಅಡೀಗೆ ದೊಡ್ಡ ಸೀರೆ ಕೊಡಿ."

ಸುಗ್ಗಿಯ ಕೆಲಸ ಶುರುವಾಗುವ ಮೊದಲು ಅದು ಮುಗಿಯಿತು. ಮುಗಿಯುವವರೆಗೂ ರೇಟಿನ ಮಾತನ್ನು ಯಾರೂ ಎತ್ತಿರಲಿಲ್ಲ. ನಾನು ಎಷ್ಟು ಹೇಳಬೇಕು? ದೊಡ್ಡ ಕೌದಿಯ ರೇಟು ಹೇಳಿದರೆ ನಡುವಿನ ಸಣ್ಣದಕ್ಕೂ ದುಡ್ಡು ಕೇಳಿದ ಹಾಗೆ. ಸುತ್ತಲಿನದ್ದಕ್ಕೆ ಮಾತ್ರ ಹೇಳಿದರೆ ಹೊನ್ನಕ್ಕನ ಅತಿ ನಾಜೂಕಿನ ಕೆಲಸ ನೀರಲ್ಲಿ ಹಾಕಿದ ಹಾಗೆ. ಹೊನ್ನಕ್ಕನಿಗೆ ಕೊಡುವುದನ್ನು ನನ್ನ ಕೈಯಿಂದಲೇ ಕೊಟ್ಟು, ಅವರಿಂದ ಏನೂ ತೆಗೆದುಕೊಳ್ಳುವುದು ಬೇಡವೆಂದು ತೀರ್ಮಾನಿಸಿದೆ. ಅವರು ಒಯ್ಯಲು ಬಂದ ಬೆಳಿಗ್ಗೆ ಆ ತೀರ್ಮಾನವೂ ಅಲ್ಲಾಡುತ್ತಿತ್ತು.

ಸನಾ ಕೌದಿಯನ್ನು ಅಡಿಮೇಲು ಮಾಡಿ ನೋಡಿ ನನ್ನನ್ನು ಕೇಳಿದಳು. "ಎಷ್ಟಾಯ್ತು?"

"ಎಂತದೂ ಬೇಡ ಸನಾ. ತಗೊಂಡು ಹೋಗು."

ಅವಳ ಮುಖ ಗಟ್ಟಿಯಾಯಿತು. "ಯಾಕೆ ಬೇಡ? ಬೇರೆಯವರಿಗೂ ಹೀಗೇ ಕೊಡ್ತೀರಾ?"

"ಹಾಗಲ್ಲ..."

"ಮನೆಯಲ್ಲಿ ಒಂದು ಲೋಟ ಎತ್ತೋಕೆ ಬಿಡೋದಿಲ್ಲ. ಜೋರಾಗಿ ಯಾರೂ ಮಾತಾಡೋದಿಲ್ಲ. ನಾನು ಬಂದ್ರೆ ಎಲ್ಲ ಸುಮ್ಮನಾಗ್ತಾರೆ. ನೀವೂ ಹಾಗೇ ಮಾಡ್ಬೇಡಿ. ರೇಟ್ ಹೇಳಿ."

ಫರೀದಕ್ಕ ನೆಲ ನೋಡಿದರು. ಕುಮಟೆಯ ಟೀಚರಿಗೆ ಹೇಳಿದ್ದು, ವಿನಾಯಕ ಕೊಡುತ್ತೇನೆಂದದ್ದು, ಎಲ್ಲ ತಲೆಯಲ್ಲಿ ಕಲಸಿಹೋಗಿ, "ನಾಲ್ಕು ಸಾವಿರ," ಎಂದುಬಿಟ್ಟೆ. ಅಷ್ಟು ದೊಡ್ಡ ರೇಟನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

"ನಾಲ್ಕು ಸಾವಿರ!" ಸನಾ ನೆಟ್ಟಗೆ ಕೂತಳು. "ಬಟ್ಟೆ ನಮ್ಮದು. ಮೂರು ಕೊಡ್ತೇನೆ."

ನಾನು ಆಯಿತು ಎನ್ನುವ ಮೊದಲೇ ಹೊನ್ನಕ್ಕ ಬಾಯಿ ಹಾಕಿದಳು. "ಮೂರಕ್ಕೆ ಆಗುದಿಲ್ಲ. ಇಲ್ಲಿ ಕಾಣು, ಈ ಹೊಲ್ಗೆ ಕಾಣು. ಮಿಷನಿಗೂ ಬರೂದಿಲ್ಲ ಇದು."

"ಇಲ್ಲಿ ಸೊಟ್ಟ ಆಗಿದೆಯಲ್ಲ?"

"ಎಲ್ಲಿ ಸೊಟ್ಟ? ಬಟ್ಟೆ ಎಳ್ದು ಹಿಡಿ, ಸಮ ಕಾಣ್ತದೆ."

ಸನಾ ಎಳೆದು ಹಿಡಿದಳು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಹೊನ್ನಕ್ಕನ ಕೈಯಲ್ಲಿ. ಒಬ್ಬಳು ಮೂರೂಕಾಲು ಎಂದರೆ ಇನ್ನೊಬ್ಬಳು ಮೂರೂಮುಕ್ಕಾಲು ಎನ್ನುತ್ತಿದ್ದಳು. ಜಗಲಿಯ ಆ ಗಲಾಟೆಗೆ ಪಕ್ಕದ ಮನೆಯವರು ಇಣುಕಿದರು. ಮಧ್ಯೆ ಹೋಗಿ ಕೇಳಿದಷ್ಟು ಕೊಟ್ಟುಬಿಡುತ್ತೇನೆ ಎನ್ನಲು ಹೊರಟ ಫರೀದಕ್ಕನ ಕೈಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ನನ್ನನ್ನು ನೋಡಿದರು, ಮಗಳನ್ನು ನೋಡಿದರು. "ನಾಲ್ಕು ತಿಂಗಳಾಯ್ತು ಸವಿತಾ," ಎಂದು ಪಿಸುಗುಟ್ಟಿದರು, "ಇವಳ ದನಿ ಇಷ್ಟು ಕೇಳಿ." ಅವರು ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಗೊತ್ತಾಗಲಿಲ್ಲ.

ಮೂರೂವರೆ ಸಾವಿರಕ್ಕೆ ನಿಂತಿತು. ಗೆದ್ದದ್ದು ತಾನೆಂದು ಇಬ್ಬರ ಮುಖದಲ್ಲೂ ಇತ್ತು. ಸನಾ ತಾನೇ ಫೋನಿನಲ್ಲಿ ದುಡ್ಡು ಹಾಕಿದಳು. ಕೌದಿ ಹೊತ್ತುಕೊಳ್ಳಲು ತಾಯಿ ಕೈ ಚಾಚಿದರೆ ಕೊಡಲಿಲ್ಲ, ತಾನೇ ತೋಳಿನಲ್ಲಿ ಅಪ್ಪಿಕೊಂಡು ಆಟೊದ ತನಕ ಹೋದಳು. ಹತ್ತಿ ಕೂತವಳು ಹೊರಗೆ ಬಗ್ಗಿ ಕೂಗಿದಳು:

"ಹೊಲಿಗೆ ಬಿಚ್ಚಿದ್ರೆ ವಾಪಸ್ ತರ್ತೇನೆ, ನೋಡಿ!"

ಹೊನ್ನಕ್ಕನಿಗೆ ರೇಗಿತು. ಜಗಲಿಯಿಂದ ಇಳಿದು ರಸ್ತೆಯವರೆಗೂ ಹೋದಳು.

"ನನ್ನ ಹೊಲ್ಗೆ ಬಿಚ್ಚೂದಿಲ್ಲ!" ಅಂದಳು. ಆಟೊ ಹೊರಡುವಷ್ಟರಲ್ಲಿ ಇನ್ನೂ ಜೋರಾಗಿ, "ಬಿಚ್ಚದೇ ಇದ್ರೂ ಬಾ!"